ಬೆರಳು ಹೆಣೆದು ನಿಂತ ದೇವಿಯರು

ಲಿಕೋನ್ ಕುದುರೆ ಬರೆದರೆ ಅದು ಮಡಕೆಯಿಂದ ಇಳಿದು ಬಂದು ಹುಲ್ಲು ಕೇಳುತ್ತದೆ ಎಂದು ಅಥೆನ್ಸಿನ ಕುಂಬಾರರ ಕೇರಿಯಲ್ಲಿ ಹೇಳುತ್ತಿದ್ದರು. ಅವನಿಗೆ ಮನುಷ್ಯರ ಕೈ ಬರೆಯಲು ಬರುವುದಿಲ್ಲ ಎಂದೂ ಅದೇ ಬಾಯಲ್ಲಿ ಹೇಳುತ್ತಿದ್ದರು. ಎರಡೂ ನಿಜವೇ. ಕುದುರೆಗೆ ಇರುವುದು ಗೊರಸು. ಬೆರಳು ಎಂಬ ಪೀಡೆಯನ್ನು ದೇವರು ಮನುಷ್ಯರಿಗೆ ಮಾತ್ರ ಕೊಟ್ಟಿದ್ದಾನೆ, ಅದೂ ಒಂದು ಕೈಗೆ ಐದೈದು.

ಹದಿನೈದು ವರ್ಷ ಅವನು ಈ ಹುಳುಕನ್ನು ಮುಚ್ಚಿಕೊಂಡೇ ಅನ್ನ ತಿಂದಿದ್ದ. ಅವನ ಯೋಧರ ಕೈಗಳೆಲ್ಲ ಗುರಾಣಿಯ ಹಿಂದೆ. ಸಿಂಹದ ಜೊತೆ ಸೆಣಸುವ ವೀರ ಹೆರಾಕ್ಲಿಸನ ಕೈಗಳು ಅದರ ಕೇಸರದೊಳಗೆ. ಇನ್ನು ಹೆಂಗಸರು ಮದುವೆಯ ಮೆರವಣಿಗೆಯಲ್ಲೂ ಹೊದಿಕೆಯೊಳಗೆ ಕೈ ಹುದುಗಿಸಿಕೊಂಡು ನಿಲ್ಲುತ್ತಿದ್ದರು. "ಲಿಕೋನನ ಮಡಕೆ ಮೇಲೆ ವರ್ಷಪೂರ್ತಿ ಚಳಿಗಾಲ ಕಣ್ರಪ್ಪ" ಎಂದು ಪಕ್ಕದ ಆವಿಗೆಯವರು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಮನೆಗೆ ಬಂದ ಮೇಲೆ ಮಾತ್ರ ತನ್ನ ಎರಡು ಕೈಗಳನ್ನು ಶತ್ರುಗಳನ್ನು ನೋಡಿದ ಹಾಗೆ ನೋಡುತ್ತಾ ಕೂರುತ್ತಿದ್ದ.

ಹೀಗಿರುವಾಗ ಎಣ್ಣೆ ವ್ಯಾಪಾರಿಯೊಬ್ಬ ಲಿಕೋನ್ ಕೆಲಸಕ್ಕಿದ್ದ ಕಾರ್ಖಾನೆಗೆ ಬಂದ. ಅಥೀನಾ ದೇವಿಯ ಉತ್ಸವಕ್ಕೆ ಗುಡ್ಡದ ಮೇಲಿನ ಗುಡಿಗೆ ಒಪ್ಪಿಸಲು ಆಳೆತ್ತರದ ಅರ್ಧದಷ್ಟು ದೊಡ್ಡ ಹೂಜಿ ಬೇಕು, ಮೇಲೆ ದೇವಿ ಹುಟ್ಟಿದ ಚಿತ್ರವೇ ಇರಬೇಕು ಎಂದ. ಯಜಮಾನ ಖೈರಿಯಾಸ್ ಆ ಕೆಲಸವನ್ನು ಲಿಕೋನನಿಗೆ ಒಪ್ಪಿಸಿ, ಗಡ್ಡ ಕೆರೆದುಕೊಳ್ಳುತ್ತಾ ಇನ್ನೊಂದು ಮಾತು ಸೇರಿಸಿದ: "ಚೆನ್ನಾಗಿ ಬಂದ್ರೆ ಕೆಳಗಡೆ ನಿನ್ನ ಹೆಸರು ಬರ್ಕೊಳೋ. ಎಷ್ಟು ವರ್ಷ ಅಂತ ನನ್ನ ಹೆಸರೇ ಬರೀತಿ."

ಲಿಕೋನನಿಗೆ ಸ್ವರ್ಗ ಮೂರೇ ಗೇಣು. ಆದರೆ ಆ ಚಿತ್ರ ಹೇಗಿರಬೇಕು ಎಂಬುದು ಕೇರಿಯ ಕೂಸುಗಳಿಗೂ ಗೊತ್ತು. ಬಸುರಿ ಹೆಂಡತಿ ಮೇಟಿಸಳನ್ನು ಹಿಂದುಮುಂದು ನೋಡದೆ ನುಂಗಿದ ದೇವರಾಜ ಜಿಯೂಸ್, ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದೆ ತಲೆಗೇರಿ, ನೋವಿನಿಂದ ಪೀಠದ ಮೇಲೆ ಕೂತಿರುತ್ತಾನೆ. ಕುಂಟ ಕಮ್ಮಾರ ಹೆಫೈಸ್ಟೋಸ್ ಅಪ್ಪನ ನೆತ್ತಿಗೆ ಕೊಡಲಿಯಿಂದ ಒಂದು ಬಿಟ್ಟು, ಮುಂದೇನು ಕಾದಿದೆಯೋ ಎಂದು ಓಡಲು ತಯಾರಾಗಿರುತ್ತಾನೆ. ಸೀಳಿದ ನೆತ್ತಿಯಿಂದ ಅಥೀನಾ ಈಟಿ, ಗುರಾಣಿ, ಶಿರಸ್ತ್ರಾಣ ಸಮೇತ ಮೇಲೇಳುತ್ತಿರುತ್ತಾಳೆ. ಎಡಕ್ಕೊಬ್ಬಳು, ಬಲಕ್ಕೊಬ್ಬಳು ಹೆರಿಗೆಯ ದೇವಿಯರು ಅಂಗೈ ಅಗಲಿಸಿ ಮೇಲೆತ್ತಿ, ಬಾ ತಾಯಿ ಎನ್ನುತ್ತಾ ನಿಂತಿರುತ್ತಾರೆ. ನಾಲ್ಕು ಅಂಗೈ, ಇಪ್ಪತ್ತು ಬೆರಳು. ಅದೂ ಕಪ್ಪು ಬಣ್ಣದಲ್ಲಲ್ಲ. ಹೆಂಗಸರ ಮೈಗೆ ಬಿಳಿ ಹಚ್ಚುವುದು ಪದ್ಧತಿ, ಆದ್ದರಿಂದ ತಪ್ಪಾದರೆ ಬೀದಿಯ ಆ ತುದಿಗೂ ಕಾಣುತ್ತದೆ.

ಉಳಿದದ್ದೆಲ್ಲ ಆರು ದಿನದಲ್ಲಿ ಮುಗಿಯಿತು. ಜಿಯೂಸನ ಗಡ್ಡದ ಒಂದೊಂದು ಕೂದಲನ್ನೂ ಸೂಜಿಯಿಂದ ಗೀರಿದ್ದ. ಪೀಠದ ಕೆಳಗೆ, ಯಾರೂ ಕೇಳದಿದ್ದರೂ, ಒಂದು ಸಣ್ಣ ಕುದುರೆಯನ್ನೂ ಬರೆದ. ಆಮೇಲೆ ದೇವಿಯರ ಅಂಗೈಗೆ ಬಂದ. ಮೊದಲ ಸಲ ಅವು ಬಾಚಣಿಗೆಯಾದವು. ಒರೆಸಿದ. ಎರಡನೆಯ ಸಲ ಅಂಜೂರದ ಎಲೆಗಳಾದವು. ಮೂರನೆಯ ಸಲ ಆದದ್ದನ್ನು ನೋಡಿ, ಬಣ್ಣ ಅರೆಯುತ್ತಿದ್ದ ಮುದುಕ "ಇವತ್ತು ಮೀನುಪೇಟೆಗೆ ಹೋಗಿದ್ದೆಯೇನೋ" ಎಂದು ಕೇಳಿದ. ನಾಲ್ಕನೆಯ ಸಲ ಲಿಕೋನ್ ಹಲ್ಲು ಕಚ್ಚಿ, ಇಬ್ಬರು ದೇವಿಯರ ಕೈಗಳನ್ನೂ ಎದೆಯ ಮುಂದೆ ತಂದು, ಬೆರಳಿಗೆ ಬೆರಳು ಹೆಣೆಸಿ, ಒಬ್ಬೊಬ್ಬಳಿಗೆ ಒಂದೊಂದು ಬಿಳಿ ಮುದ್ದೆ ಇಟ್ಟುಬಿಟ್ಟ. ಮುದ್ದೆಯ ಮೇಲೆ ನಾಲ್ಕು ಗೀಟು ಎಳೆದರೆ ಹೆಣೆದ ಬೆರಳು ತಯಾರು. ದೇವಿಯರು ಆಶ್ಚರ್ಯದಿಂದ ನಿಂತಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ. ಕೆಳಗೆ 'ಲಿಕೋನ್ ಬರೆದ' ಎಂದು ಗೀರಿದ. ಆವಿಗೆಯಿಂದ ಹೊರಬಂದ ಹೂಜಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅವನ ಬದುಕಿನಲ್ಲಿ ಅಷ್ಟು ಚೆಂದದ ವಸ್ತು ಇನ್ನೊಂದು ಹುಟ್ಟಿರಲಿಲ್ಲ.

ಯಜಮಾನನಿಗೆ ತೋರಿಸುವ ಮೊದಲೇ ಅದನ್ನು ಗಾಡಿಯಲ್ಲಿಟ್ಟು ಮನೆಗೆ ತಂದ. ಹೆಂಡತಿ ಮೆಲಿನ್ನಾ ತುಂಬು ಬಸುರಿ. ಮದುವೆಯಾಗಿ ಆರು ವರ್ಷದ ಮೇಲೆ, ಎರಡು ಸಲ ಕೈಗೆ ಬಂದದ್ದು ಬಾಯಿಗೆ ಬರದೆ ಹೋದ ಮೇಲೆ, ನಿಂತ ಬಸಿರು. ಅವಳು ಗೋಡೆ ಹಿಡಿದು ಬಂದು ಹೂಜಿಯ ಸುತ್ತ ಒಂದು ಸುತ್ತು ಹಾಕಿದಳು.

"ಈ ಹುಡುಗಿ ಹುಟ್ತಾನೇ ಜಗಳಕ್ಕೆ ಹೊರಟಿದಾಳಲ್ರೀ. ನಮ್ಮದು ಈಟಿ ಹಿಡ್ಕೊಂಡು ಬರದಿದ್ರೆ ಸಾಕು."

"ಹೆಸರು ನೋಡಿದ್ಯಾ? ಕೆಳಗೆ."

"ನೋಡ್ದೆ. ನಂಗೆ ಓದಕ್ಕೆ ಬರಲ್ಲ, ಆದ್ರೂ ನಿಮ್ಮ ಹೆಸರೇ ಅಂತ ಗೊತ್ತಾಗತ್ತೆ, ಅಷ್ಟು ದೊಡ್ಡದಾಗಿ ಬರ್ದಿದೀರ." ಆಮೇಲೆ ದೇವಿಯರ ಕಡೆ ಬಗ್ಗಿದಳು. "ಇವರಿಬ್ರು ಯಾಕೆ ಹಿಂಗೆ ನಿಂತಿದಾರೆ?"

"ಆಶ್ಚರ್ಯ ಆಗಿದೆ ಅವರಿಗೆ."

ಮೆಲಿನ್ನಾ ಪೀಠದ ಕೆಳಗಿನ ಕುದುರೆಯನ್ನು ಹೊಗಳಿದಳು. ಗಂಡನ ಮುಂದೆ ಕೈಯ ಮಾತು ಎತ್ತಬಾರದು ಎಂಬುದನ್ನು ಅವಳು ಮದುವೆಯಾದ ತಿಂಗಳಲ್ಲೇ ಕಲಿತಿದ್ದಳು. ಲಿಕೋನ್ ಹೂಜಿಗೆ ಹಳೆಯ ಕಂಬಳಿ ಸುತ್ತಿ, ಹಗ್ಗ ಬಿಗಿದು, ಮೂರು ಗಂಟು ಹಾಕಿ ಅಂಗಳದ ಮೂಲೆಯಲ್ಲಿಟ್ಟ. ಮಾರನೆಯ ಮಧ್ಯಾಹ್ನ ಖೈರಿಯಾಸ್ ಬಂದು ಒಯ್ಯುವುದೆಂದು ಮಾತಾಗಿತ್ತು.

ಬೆಳಗಾಗುತ್ತಲೇ ನೋವು ಶುರುವಾಯಿತು. ಲಿಕೋನ್ ಓಡಿಹೋಗಿ ಅತ್ತೆ ನಿಕಾರೆತೆಯನ್ನು ಕರೆತಂದ. ಅವಳು ಸೂಲಗಿತ್ತಿ, ಅರ್ಧ ಕೇರಿಯ ಹೊಕ್ಕುಳಬಳ್ಳಿ ಕತ್ತರಿಸಿದವಳು. ಆ ಕತ್ತರಿಗಿಂತ ಅವಳ ನಾಲಿಗೆ ಹರಿತ. ಮಗಳನ್ನು ಗಾಣ ಇಟ್ಟುಕೊಂಡವನಿಗೆ ಕೊಡಬೇಕೆಂದಿದ್ದವಳಿಗೆ, ಮಡಕೆಗೆ ಬಣ್ಣ ಬಳಿಯುವವನಿಗೆ ಕೊಟ್ಟೆನಲ್ಲ ಎಂಬ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಅಳಿಯನಿಗೆ ಅವಳು ಕೊಡುತ್ತಿದ್ದ ಬಹುವಚನದಲ್ಲಿ ಮರ್ಯಾದೆ ಕಡಿಮೆ, ಖಾರ ಜಾಸ್ತಿ.

"ಅಳಿಯಂದ್ರೇ, ಹಂಗೆ ಕಂಬದ ಹಂಗೆ ನಿಂತ್ಕೊಬೇಡಿ. ಮನೇಲಿರೋ ಗಂಟೆಲ್ಲ ಬಿಚ್ಚಿ."

ಹೆರಿಗೆಯ ಮನೆಯಲ್ಲಿ ಗಂಟು ಇರಬಾರದು. ಗಂಟು ಇದ್ದರೆ ಒಳಗಿನ ಗಂಟೂ ಬಿಚ್ಚುವುದಿಲ್ಲ. ಲಿಕೋನ್ ಚಪ್ಪಲಿಯ ಬಾರು ಬಿಚ್ಚಿದ. ಸೊಂಟದ ಪಟ್ಟಿ ಬಿಚ್ಚಿದ, ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡ. ಬಾಗಿಲ ಅಗಳಿ ತೆಗೆದ, ಪೆಟ್ಟಿಗೆಗಳ ಮುಚ್ಚಳ ತೆಗೆದ, ಈರುಳ್ಳಿಯ ಗೊಂಚಲು ಬಿಚ್ಚಿ ನೆಲದ ತುಂಬ ಉರುಳಿಸಿದ. ಆಡಿನ ಹಗ್ಗ ಬಿಚ್ಚಿದ. ಆಡು ತೆರೆದ ಬಾಗಿಲನ್ನು ಒಮ್ಮೆ ನೋಡಿ, ಇಂಥ ದಿನ ಮತ್ತೆ ಬರುವುದಿಲ್ಲ ಎಂಬಂತೆ ಬೀದಿಗೆ ಹಾರಿತು. ಅದನ್ನು ಹಿಡಿಯಲು ಓಡಿದರೆ ಬಟ್ಟೆ ಜಾರುತ್ತದೆ, ಬಟ್ಟೆ ಹಿಡಿದರೆ ಆಡು ಹೋಗುತ್ತದೆ. ಹೆಂಗಸರು ತುಂಬಿದ ಬೀದಿ ನೋಡಿ ಅವನು ಆಡನ್ನೇ ಬಿಟ್ಟ.

"ಆ ಮೂಲೇಲಿ ಏನದು ಕಟ್ಟಿಟ್ಟಿರೋದು?"

"ಅದು ಹೂಜಿ ಅತ್ತೆ. ಮಧ್ಯಾಹ್ನ ಹೋಗತ್ತೆ."

"ಹೂಜಿನೋ ನಿಮ್ಮಜ್ಜನ ಬೂದಿನೋ, ಬಿಚ್ಚಿ ಅಂದ್ರೆ ಬಿಚ್ಚಿ."

ಅವನು ಮೂರು ಗಂಟನ್ನೂ ಬಿಚ್ಚಿದ. ಕಂಬಳಿಯನ್ನು ಮಾತ್ರ ಸರಿಸಲಿಲ್ಲ. ಅತ್ತೆಯ ಕಣ್ಣಿಗೆ ಆ ಬಿಳಿ ಮುದ್ದೆಗಳು ಬಿದ್ದರೆ ಅವನ ಮೊಮ್ಮಕ್ಕಳ ಕಾಲದವರೆಗೂ ಮಾತಾಗುತ್ತದೆ.

ಬಿಸಿಲು ಏರಿತು. ಮೆಲಿನ್ನಾ ನರಳುವುದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಮಗು ಬರಲಿಲ್ಲ. ನಿಕಾರೆತೆ ಹೊರಗೆ ಬಂದು, ಇನ್ನೆಲ್ಲಿ ಗಂಟಿದೆ ಎಂದು ಮನೆಯೆಲ್ಲ ಜಾಲಾಡಿದಳು. ಸಹಾಯಕ್ಕೆ ಬಂದ ನೆರೆಮನೆಯ ಗ್ಲೀಕೆ ಹೊಸ್ತಿಲ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

"ಕಾಲು ಇಳ್ಸೇ, ಅದೂ ಗಂಟೇ. ನನ್ನ ಮಗಳು ಅಲ್ಲಿ ಸಾಯ್ತಿದಾಳೆ, ನೀನು ಇಲ್ಲಿ ರಾಣಿ ಹಂಗೆ ಕೂತಿದೀಯ."

"ಸೊಂಟ ನೋವು ಕಣಕ್ಕ."

"ನಾಲ್ಕು ಹೆತ್ತವಳು, ನಿಂಗೂ ನಾನೇ ಹೇಳ್ಕೊಡಬೇಕಾ?"

ಗ್ಲೀಕೆ ಕಾಲು ಇಳಿಸಿದಳು. ಆಗಲೂ ಏನೂ ಆಗಲಿಲ್ಲ. ನಿಕಾರೆತೆ ಮತ್ತೊಮ್ಮೆ ಹೊರಬಂದಾಗ ಮುಖದ ಬಣ್ಣ ಹೋಗಿತ್ತು. ಲಿಕೋನ್ ಜಗುಲಿಯ ಮೇಲೆ ಕೂತು, ತಲೆ ತಗ್ಗಿಸಿ, ಕೈಗಳನ್ನು ಮಂಡಿಯ ನಡುವೆ ಹೆಣೆದುಕೊಂಡಿದ್ದ. ಅತ್ತೆ ಬಂದವಳೇ ಆ ಕೈಗಳ ಮೇಲೆ ಪಟ್ಟನೆ ಹೊಡೆದಳು.

"ಬೆರಳು ಬಿಚ್ಚೋ ಮುಠ್ಠಾಳ. ಹೆರಾಕ್ಲಿಸನ ತಾಯಿ ಏಳು ದಿನ ಯಾಕೆ ನರಳಿದ್ದು? ಹೆರಿಗೆ ದೇವಿ ಬಾಗಿಲಲ್ಲಿ ಬೆರಳು ಹೆಣ್ಕೊಂಡು ಕೂತಿದ್ಲು, ಅದಕ್ಕೇ. ಹೊಟ್ಟೇಲಿದ್ದ ಮಗೂಗೆ ದಾರಿನೇ ಇರಲಿಲ್ಲ. ಆ ಕಥೆ ಕೇಳಿಲ್ವಾ ನೀನು?"

ಬಹುವಚನ ಹೋಗಿ ಏಕವಚನ ಬಂದದ್ದನ್ನು ಲಿಕೋನ್ ಗಮನಿಸಲಿಲ್ಲ. ಅವನು ತನ್ನ ಹೆಣೆದ ಬೆರಳುಗಳನ್ನು ನೋಡಿದ. ಆಮೇಲೆ ಅಂಗಳದ ಮೂಲೆ ನೋಡಿದ. ಕಥೆ ಅವನಿಗೆ ಗೊತ್ತಿತ್ತು. ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ. ಬಿಳಿ ಮುದ್ದೆ ಬರೆಯುವಾಗ ಮಾತ್ರ, ಇಪ್ಪತ್ತು ಬೆರಳು ತಪ್ಪಿತಲ್ಲ ಎಂಬ ಸಂತೋಷದಲ್ಲಿ, ಅದು ತಲೆಗೆ ಹೊಳೆದಿರಲಿಲ್ಲ. ಗಂಟು ಹುಡುಕಿ ಹುಡುಕಿ ಈರುಳ್ಳಿ ಬಿಚ್ಚಿದ ಮನೆಯಲ್ಲಿ, ಒಬ್ಬಳಲ್ಲ, ಇಬ್ಬರು ಹೆರಿಗೆ ದೇವಿಯರು ನಿನ್ನೆಯಿಂದ ಬೆರಳು ಹೆಣೆದು ನಿಂತಿದ್ದರು. ನಿಲ್ಲಿಸಿದವನು ಅವನೇ.

ಅವನು ತಕ್ಷಣ ಬಾಯಿ ಬಿಡಲಿಲ್ಲ. ಅವನೇನೂ ಸಂತನಲ್ಲ. ಹದಿನೈದು ವರ್ಷ, ಗಡ್ಡದ ಒಂದೊಂದು ಕೂದಲು, ಕೆಳಗೆ ತನ್ನ ಹೆಸರು, ಮಧ್ಯಾಹ್ನಕ್ಕೆ ಬರುವ ಯಜಮಾನ, ಎಲ್ಲವೂ ಅವನ ಕಣ್ಣ ಮುಂದೆ ಒಂದು ಸುತ್ತು ಬಂದವು. ಅಷ್ಟರಲ್ಲಿ ಒಳಗಿಂದ ಮೆಲಿನ್ನಾಳ ದನಿ ಕೇಳಿತು. ಅವಳು ಕೂಗುತ್ತಿರಲಿಲ್ಲ. "ಅಮ್ಮಾ, ಇನ್ನು ನನ್ನ ಕೈಲಿ ಆಗಲ್ಲ" ಎಂದು ಮೆಲ್ಲಗೆ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು.

"ಅತ್ತೆ" ಎಂದ ಲಿಕೋನ್. "ಇನ್ನೊಂದು ಗಂಟಿದೆ."

ಕಂಬಳಿ ಎಳೆದು ತೋರಿಸಿದ. ನಿಕಾರೆತೆ ಕಣ್ಣು ಕಿರಿದು ಮಾಡಿ, ಮೂಗು ಹೂಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಏನಿದು? ಹಿಟ್ಟಿನ ಉಂಡೆಯಾ?"

"ಕೈ."

"ಬಿಚ್ಚು ಅದನ್ನ."

"ಸುಟ್ಟಾಗಿದೆ ಅತ್ತೆ. ಹೆಂಗೆ ಬಿಚ್ಚಲಿ?"

"ನೀನು ಕಟ್ಟಿದ್ದು, ನೀನು ಬಿಚ್ಚು. ನಾನು ಒಳಗೆ ಇರ್ತೀನಿ."

ಲಿಕೋನ್ ಚಾಕು ತಂದು ಎಡಗಡೆಯ ದೇವಿಯ ಬಿಳಿ ಮುದ್ದೆ ಕೆರೆದ. ಬಣ್ಣ ಎದ್ದು ಬಂತು. ಉಳಿದದ್ದು ಮಣಿಕಟ್ಟಿಗೆ ಮುಗಿದುಹೋದ, ಅಂಗೈಯೇ ಇಲ್ಲದ ದೇವಿ. ಇಣುಕಿ ನೋಡಿದ ಗ್ಲೀಕೆ, "ಅಯ್ಯೋ, ಕೈಯಿಲ್ಲದ ಸೂಲಗಿತ್ತಿ ಕಟ್ಕೊಂಡು ಏನು ಮಾಡದಪ್ಪ, ಮಗು ನೆಲಕ್ಕೆ ಬಿದ್ದೋಗತ್ತೆ" ಎಂದಳು. ಅದೂ ಸರಿಯೇ ಅನ್ನಿಸಿತು. ಒಳಗಿನ ದನಿ ಇನ್ನೂ ಸಣ್ಣದಾಗಿತ್ತು. ಲಿಕೋನ್ ಚಾಕು ಬಿಸಾಡಿ, ಆವಿಗೆಗೆ ಸೌದೆ ಒಡೆಯುವ ಕೊಡಲಿ ಎತ್ತಿಕೊಂಡ. ಹಿಡಿದಿದ್ದ ಬಟ್ಟೆ ಜಾರಿ ಕಾಲಿಗೆ ಬಿತ್ತು, ಬೀಳಲಿ ಎಂದುಕೊಂಡ. ಗ್ಲೀಕೆ ಗೋಡೆಯ ಕಡೆ ತಿರುಗಿದಳು. ಬಲಗಡೆಯ ದೇವಿಯ ಹೆಣೆದ ಬೆರಳಿಗೆ ಗುರಿಯಿಟ್ಟು, ನೋಡಲಾರದೆ ಕಣ್ಣು ಮುಚ್ಚಿ, ಬೀಸಿದ.

ಕೈಗೂ ಅವನಿಗೂ ಹುಟ್ಟಿನಿಂದಲೇ ಆಗದು. ಏಟು ಕೈಗೆ ಬೀಳಲಿಲ್ಲ, ನೇರವಾಗಿ ಜಿಯೂಸನ ನೆತ್ತಿಗೆ ಬಿತ್ತು. ಹೂಜಿ ಹೋಳಾಯಿತು, ಚೂರುಗಳು ಈರುಳ್ಳಿಯ ನಡುವೆ ಉರುಳಿದವು. ಕಣ್ಣು ಬಿಟ್ಟರೆ, ಅಂಗೈಯಷ್ಟು ದೊಡ್ಡ ಚೂರೊಂದರ ಮೇಲೆ ಆ ಬಿಳಿ ಮುದ್ದೆ ಕೂದಲೂ ಕೊಂಕದೆ ಹಾಗೇ ಇತ್ತು. ಅವನು ಅದನ್ನು ಹಿಡಿಯಲು ಮಂಡಿಯೂರಿದ. ಚೂರು ಕೈಗೆ ಸಿಗುವಷ್ಟರಲ್ಲಿ ಒಳಗಿಂದ ಒಂದು ಕೂಗು ಬಂತು. ಅದು ಮೆಲಿನ್ನಾಳದಲ್ಲ. ಯಾರೋ ಹೊಸಬರದು, ಬಹಳ ಸಿಟ್ಟಿನದು.

ಲಿಕೋನ್ ಚೂರು ಹಿಡಿದುಕೊಂಡೇ ಅತ್ತ. ನಾಚಿಕೆಯೇನೂ ಆಗಲಿಲ್ಲ.

ಅವನು ಬಟ್ಟೆ ಎಳೆದುಕೊಂಡು ನಿಲ್ಲುವುದಕ್ಕೂ ನಿಕಾರೆತೆ ಬಟ್ಟೆಯ ಮುದ್ದೆಯೊಂದನ್ನು ಹಿಡಿದು ಹೊರಗೆ ಬರುವುದಕ್ಕೂ ಸರಿಹೋಯಿತು. ಅವಳು ಮಗುವನ್ನು ಕೊಡಲಿಲ್ಲ, ಎದೆಗೆ ಇನ್ನಷ್ಟು ಹತ್ತಿರ ಹಿಡಿದಳು. ಈ ಊರಿನಲ್ಲಿ ಮಗು ಉಳಿಯುವುದೋ ಬೀದಿಗೆ ಹೋಗುವುದೋ ಅಪ್ಪನ ಬಾಯಲ್ಲಿದೆ. ಹಾಗೆ ಹೋದ ಕೂಸುಗಳನ್ನು ಅವಳು ಕಂಡಿದ್ದಳು.

"ಮೆಲಿನ್ನಾ ಚೆನ್ನಾಗಿದಾಳೆ" ಎಂದಳು. ಆಮೇಲೆ, "ಹೆಣ್ಣು."

ಒಳಗೆ ಮೆಲಿನ್ನಾ ಕಿವಿಗೊಟ್ಟು ಮಲಗಿದ್ದಳು.

"ಜಿಯೂಸ್ ತಲೆ ಒಡೆಸ್ಕೊಂಡು ಹೆಣ್ಣು ಹೆತ್ತ" ಎಂದ ಲಿಕೋನ್. "ನಾನು ಬರೀ ಮಡಕೆ ಒಡೆದಿದೀನಿ. ಕೊಡಿ ಅತ್ತೆ ಇಲ್ಲಿ."

ಮಗು ಕೆಂಪಗೆ, ಸುಕ್ಕುಸುಕ್ಕಾಗಿ, ಎರಡು ಮುಷ್ಟಿ ಬಿಗಿಹಿಡಿದು ಲೋಕದ ಮೇಲೆಲ್ಲ ಕೋಪ ಮಾಡಿಕೊಂಡಿತ್ತು. ಈಟಿಯೊಂದು ಇರಲಿಲ್ಲ ಅಷ್ಟೆ. ಅಪ್ಪನ ಗಡ್ಡ ತಾಗಿದ್ದೇ ಅದರ ಬಲ ಮುಷ್ಟಿ ಬಿಚ್ಚಿತು. ಐದು ಬೆರಳು ಒಂದೊಂದಾಗಿ ಅಗಲವಾದವು. ಲಿಕೋನ್ ಅದನ್ನು ನೋಡಿದ. ಹೆಬ್ಬೆರಳು ಉಳಿದ ನಾಲ್ಕರ ಸಾಲಿನಲ್ಲಿಲ್ಲ, ಪಕ್ಕಕ್ಕೆ ಬೇರೆ ಮನೆ ಮಾಡಿಕೊಂಡಿದೆ. ನಡುಬೆರಳು ದೊಡ್ಡದು, ಕಿರುಬೆರಳು ಸ್ವಲ್ಪ ಕೆಳಗಿನಿಂದ ಹೊರಡುತ್ತದೆ. ಇಷ್ಟೇನಾ, ಎಂದುಕೊಂಡ. ಹದಿನೈದು ವರ್ಷ ಅವನು ಕೈಗೆ ಹೆದರಿದ್ದ, ಕೈಯನ್ನು ನೋಡಿರಲಿಲ್ಲ.

"ಬಾಗಿಲಿಗೆ ಉಣ್ಣೆ ಕಟ್ಟಿ" ಎಂದಳು ನಿಕಾರೆತೆ. ಗಂಡಾದರೆ ಆಲಿವ್ ಎಲೆ, ಹೆಣ್ಣಾದರೆ ಉಣ್ಣೆ. "ಹೆಣ್ಣು ಹುಟ್ಟಿದೆ ಅಂತ ಊರಿಗೆಲ್ಲ ಗೊತ್ತಾಗಲಿ."

"ಗಂಟು ಹಾಕಬಹುದಾ ಅತ್ತೆ ಈಗ?"

"ಈಗ ಹಾಕಿ. ಮೊದಲು ನಿಮ್ಮ ಸೊಂಟಕ್ಕೆ ಹಾಕ್ಕೊಳ್ಳಿ."

ಬಹುವಚನ ವಾಪಸು ಬಂದಿತ್ತು.

ಮಧ್ಯಾಹ್ನ ಖೈರಿಯಾಸ್ ಬಂದಾಗ ಬಾಗಿಲಲ್ಲಿ ಉಣ್ಣೆ ತೂಗುತ್ತಿತ್ತು, ಒಳಗೆ ಅಂಗಳದ ತುಂಬ ಈರುಳ್ಳಿಯೂ ಹೂಜಿಯೂ ಚೆಲ್ಲಿದ್ದವು. ಚೂರುಗಳ ನಡುವೆ ಲಿಕೋನ್ ಕೂತು, ಒಂದು ಚೂರಿನ ಹಿಂಬದಿಯಲ್ಲಿ ಸೂಜಿಯಿಂದ ಏನೋ ಗೀರುತ್ತಿದ್ದ. ಯಜಮಾನ ಎದೆ ಹಿಡಿದುಕೊಂಡ.

"ಲೇ, ಇದು ನಮ್ಮ ಹೂಜಿ ಅಲ್ಲ ಅನ್ನೋ."

"ನಮ್ಮದೇ ಯಜಮಾನ್ರೇ."

"ಯಾರೋ ಒಡೆದಿದ್ದು?"

"ನಾನೇ. ಕೊಡಲೀಲಿ."

ಖೈರಿಯಾಸನಿಗೆ ಗೊತ್ತಿದ್ದ ಬೈಗುಳಗಳು ಬಹಳ. ಅವನ್ನೆಲ್ಲ ಹಿಂದಿನಿಂದ ಮುಂದಕ್ಕೆ ಒಮ್ಮೆ, ಮುಂದಿನಿಂದ ಹಿಂದಕ್ಕೆ ಒಮ್ಮೆ ಬೈದ. ಬೈಯುತ್ತಲೇ ಲಿಕೋನನ ಕೈಲಿದ್ದ ಚೂರು ಕಿತ್ತುಕೊಂಡು, ಎತ್ತಿ ಗೋಡೆಗೆ ಅಪ್ಪಳಿಸಲು ಹೋದವನು, ಹಿಂಬದಿ ಕಣ್ಣಿಗೆ ಬಿದ್ದು ನಿಂತ. ಅಲ್ಲಿ ಒಂದು ಸಣ್ಣ ಅಂಗೈ ಇತ್ತು. ಬಿಚ್ಚಿದ ಅಂಗೈ, ಬೆರಳು ಐದು, ಒಂದೊಂದೂ ಇರಬೇಕಾದಲ್ಲೇ ಇತ್ತು.

"ಇದು ಯಾರು ಬರ್ದಿದ್ದು?"

"ನಾನು."

ಯಜಮಾನ ಚೂರನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಉತ್ಸವಕ್ಕೆ ಇನ್ನೂ ಒಂದು ತಿಂಗಳಿತ್ತು.

"ನಾಳೆ ಬೆಳಿಗ್ಗೆ ಇನ್ನೊಂದು ಹೂಜಿ ಚಕ್ರದ ಮೇಲೆ ತಿರುಗಿಸಿ ಇಡಿಸ್ತೀನಿ" ಎಂದ. "ಈ ಸಲ ಮನೆಗೆ ತಂದ್ರೆ ನಿನ್ನ ಕೈಕಾಲು ಮುರಿದು ಹಾಕ್ತೀನಿ."

ಹತ್ತನೆಯ ದಿನ ಮಗುವಿಗೆ ಅಜ್ಜಿಯ ಹೆಸರನ್ನೇ ಇಟ್ಟರು. ಮನೆಗೊಂದು ನಿಕಾರೆತೆ ಸಾಲದೇ ಎಂದು ಗ್ಲೀಕೆ ಕೇಳಿದಳು. ಅಂದು ಎರಡು ಲೋಟ ದ್ರಾಕ್ಷಾರಸದ ಧೈರ್ಯದಲ್ಲಿ ಲಿಕೋನ್ ಅತ್ತೆಯ ಪಕ್ಕ ಕೂತು, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ.

"ಅತ್ತೆ, ನಿಜ ಹೇಳಿ. ಹೂಜಿ ಒಡೆದಿದ್ದಕ್ಕೇ ಮಗು ಬಂತಾ?"

"ನೀವು ಚಾಕು ಹುಡುಕ್ತಿದ್ರಲ್ಲ, ಆಗ್ಲೇ ತಲೆ ಕಂಡಿತ್ತು."

"ಮತ್ತೆ ಬೇಡ ಅಂತ ಕೂಗಬಾರದಿತ್ತಾ?"

"ನನ್ನ ಎರಡು ಕೈನೂ ಕೆಲಸದಲ್ಲಿತ್ತು, ಬಾಯಿಗೂ ಪುರುಸೊತ್ತಿರಲಿಲ್ಲ" ಎಂದಳು ನಿಕಾರೆತೆ. ಆಮೇಲೆ ಮಗುವಿನ ಬಟ್ಟೆ ಸರಿಮಾಡುತ್ತಾ, "ನೀವು ಒಡೆಯೋದು ಅವಳಿಗೆ ಒಳಗೆ ಕೇಳಿಸ್ತು. ನನ್ನ ಗಂಡ ಹೂಜಿ ಒಡೆದುಬಿಟ್ರು ಅಮ್ಮ ಅಂದ್ಲು. ಆಮೇಲೆ ಒಂದೇ ಒಂದು ಸಲ ಮುಕ್ಕಿದ್ದು, ಮಗು ಹೊರಗೆ."

ಉತ್ಸವದ ದಿನ ಗುಡ್ಡದ ಮೇಲೆ ಕಾಲಿಡಲು ಜಾಗವಿರಲಿಲ್ಲ. ದೇವಿಗೆ ಒಪ್ಪಿಸಿದ ಹೂಜಿಗಳ ಸಾಲಿನಲ್ಲಿ ಲಿಕೋನನದೂ ನಿಂತಿತ್ತು. ಹೆರಿಗೆಯ ದೇವಿಯರಿಬ್ಬರೂ ಈಗ ಕೈ ಮೇಲೆತ್ತಿದ್ದರು, ನಾಲ್ಕು ಅಂಗೈ ಬಿಚ್ಚಿಕೊಂಡಿದ್ದವು, ಇಪ್ಪತ್ತು ಬೆರಳನ್ನೂ ಖೈರಿಯಾಸ್ ಎರಡೆರಡು ಸಲ ಎಣಿಸಿದ್ದ. ನಿಕಾರೆತೆ ಮೊಮ್ಮಗಳನ್ನು ಎತ್ತಿಕೊಂಡು, ಮೂಗು ತಾಗುವಷ್ಟು ಬಗ್ಗಿ, ಒಂದೊಂದೇ ಅಂಗೈಯನ್ನು ಪರೀಕ್ಷಿಸಿದಳು.

"ಅಳಿಯಂದ್ರೇ, ದೇವಿಯರಿಗೆ ಮೈ ಎಲ್ಲ ದೊಡ್ಡವರದು. ಅಂಗೈ ಮಾತ್ರ ಎಳೆಕೂಸಿಂದು. ಗುಂಡಗುಂಡಗೆ."

"ನಾನು ಇಷ್ಟು ವರ್ಷದಲ್ಲಿ ಸರಿಯಾಗಿ ನೋಡಿರೋ ಕೈ ಅದೊಂದೇ ಅತ್ತೆ."

ನಿಕಾರೆತೆ ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು, ಅದರ ಅಂಗೈಯನ್ನು ದೇವಿಯ ಅಂಗೈಯ ಪಕ್ಕ ಹಿಡಿದಳು.